ಫೆರಿಸ್ತಾನೂ ಬಂಕಾಪುರದ ಮುತ್ತಿಗೆಯೂ

ಅರಸರು ಕವಿಗಳಿಗೆ ಆಶ್ರಯವಿತ್ತಂತೆ ಇತಿಹಾಸಕಾರರಿಗೂ ಆಶ್ರಯವೀಯುವ ಪದ್ಧತಿಯು ಅನೇಕ ದೇಶಗಳಲ್ಲಿದ್ದಿತು. ಸ್ಪೇನದ ಅರಸನಾದ ಎರಡನೆಯ ಫಿಲಿಪನು ಅಮೇರಿಕ ಖಂಡದಲ್ಲಿಯ ತನ್ನ ರಾಜ್ಯಗಳ ಇತಿಹಾಸವನ್ನು ಬರೆಯಲು ಅಂತೋನಿಯೊ ದೆ ಹೆರೇರನೆಂಬವನನ್ನು 1596ರಲ್ಲಿ ನೇಮಿಸಿದನು. ಅದೇ ಕಾಲದಲ್ಲಿ ನಮ್ಮ ವಿಜಾಪುರದ ಆಸ್ಥಾನದಲ್ಲಿಯೂ ಅಂಥವನೊಬ್ಬನಿದ್ದನು. ಮಹಮ್ಮದ ಕಾಸೀಮ ಫೆರಿಸ್ತಾನೇ ಅವನು.

ಈತನ ಜನ್ಮಸ್ಥಳವು ಕ್ಯಾಸ್ಪಿಯನ್ ಸಮುದ್ರದ ಸಮೀಪದ ಅಸ್ತರಾಬಾದವು. ಎಳೆವಯಸ್ಸಿನಲ್ಲಿಯೇ ತಂದೆಯೊಡನೆ ಅಹಮದನಗರಕ್ಕೆ ಬಂದು, ಅಲ್ಲಿಯ ಅಂತಃಕಲಹಗಳ ತರುವಾಯ 1589ರಲ್ಲಿ ವಿಜಾಪುರವನ್ನು ಸೇರಿದನು. ಎರಡನೆಯ ಇಬ್ರಾಹಿಮ ಆದಿಲಶಹನ ಅಪ್ಪಣೆಯಂತೆ ಹಿಂದುಸ್ಥಾನದ ಇತಿಹಾಸವನ್ನು ಪಾರಸಿಯಲ್ಲಿ ಬರೆದು 1606ರಲ್ಲಿ ಅವನಿಗೆ ಅರ್ಪಿಸಿದನು. ಬ್ರಿಗ್ಸನು 1829ರಲ್ಲಿ ಅದನ್ನು ಇಂಗ್ಲಿಷಿಗೆ ಭಾಷಾಂತರಿಸಿದಂದಿನಿಂದ ದಕ್ಷಿಣದ ಇತಿಹಾಸವನ್ನು ಬರೆಯುವವರಿಗೆಲ್ಲ ಅದೊಂದು ಮುಖ್ಯ ಆಧಾರವಾಯಿತು.

ತಡಸದಿಂದ ಶಿಗ್ಗಾವಿಯ ಮಾರ್ಗವಾಗಿ ಬಂಕಾಪುರಕ್ಕೆ ಹೋಗುವ ನಮ್ಮ ಸೀಮೆಯವರಿಗಂತೂ ಈ ಗ್ರಂಥವು ಪರರ ಕಥೆಯಲ್ಲ. 1573ರಲ್ಲಿ ಅಲೀ ಆದಿಲಶಹನು ಧಾರವಾಡವನ್ನು ಗೆದ್ದ ಬಳಿಕ ಬಂಕಾಪುರಕ್ಕೆ ಹಾಕಿದ ಮುತ್ತಿಗೆಯು ಇದರಲ್ಲಿ ವಿಸ್ತಾರವಾಗಿ ಬಂದಿರುವದು. ಕೋಟೆಯ ಒಡೆಯನಾದ ವೇಲಪ್ಪನು ವರ್ಷಕ್ಕೂ ಮಿಕ್ಕಿ ಕಾದಿದನೆಂದೂ, ಕನ್ನಡ ಕಾಲಾಳುಗಳು ಮೈಗೆ ಎಣ್ಣೆ ಬಳಿದುಕೊಂಡು ಇರುಳಿನಲ್ಲಿ ಶತ್ರುವಿನ ಪಾಳೆಯವನ್ನು ಹೊಕ್ಕು ಕಠಾರಿಯಿಂದ ತಿವಿಯುತ್ತಿದ್ದರೆಂದೂ ಗೆದ್ದವರ ಲೇಖಕನೇ ಹೇಳುವನು. ವೈರಿಯ ಬಾಯಿಂದ ಬಂದ ಈ ಸಾಕ್ಷ್ಯಕ್ಕೆ ಬೆಲೆಯು ಹೆಚ್ಚು.

ಆದರೆ ಫೆರಿಸ್ತಾನು ಈ ಯುದ್ಧವನ್ನು ಕಣ್ಣಾರೆ ಕಂಡವನಲ್ಲ. ಅವನು ವಿಜಾಪುರಕ್ಕೆ ಬರುವ ಹೊತ್ತಿಗೆ ಹದಿನೈದು ವರ್ಷಗಳು ಸಂದಿದ್ದವು. ವೇಲಪ್ಪನು ರಾಮರಾಯನ ತಮ್ಮನಾದ ವೆಂಕಟಾದ್ರಿಯ ಮೊರೆಹೊಕ್ಕನೆಂದು ಅವನು ಬರೆಯುವನು. ಆಗ ಪೆನುಗೊಂಡೆಯಲ್ಲಿ ಆಳುತ್ತಿದ್ದವನಾದರೋ ತಿರುಮಲರಾಯನ ಮಗನಾದ ಶ್ರೀರಂಗರಾಯನು. ಕೋಟೆಯೊಳಗಿನ ಭವ್ಯ ದೇವಾಲಯವನ್ನು ಸುಲ್ತಾನನು ಕೆಡವಿಸಿ ಮಸೀದಿಗೆ ಅಡಿಗಲ್ಲಿಟ್ಟನೆಂದು ಅವನು ಹೊಗಳಿ ಹೇಳುವನು. ಅದೇ ಕೋಟೆಯಲ್ಲಿ ನಗರೇಶ್ವರನ ಅರವತ್ತು ಕಂಬದ ಗುಡಿಯು ಭಿನ್ನವಾಗಿಯಾದರೂ ಇಂದಿಗೂ ನಿಂತಿರುವದು. ಜಯವನ್ನು ವರ್ಣಿಸುವ ಲೇಖನಿಯು ಉಳಿದುದನ್ನು ಎಣಿಸುವದಿಲ್ಲ.

ಹೀಗೆಂದು ಅವನನ್ನು ತಳ್ಳಿಬಿಡುವದು ಯುಕ್ತವಲ್ಲ. ಅವನಿಲ್ಲದಿದ್ದರೆ ಆ ಕಾಲಾಳುಗಳ ಸಾಹಸವು ನಮಗೆ ತಿಳಿಯುತ್ತಿದ್ದಿಲ್ಲ. ಅನ್ನವಿತ್ತ ಒಡೆಯನ ಕೀರ್ತಿಗಾಗಿ ಬರೆದುದನ್ನು ಅಳೆದು ನೋಡಿಯೇ ಸ್ವೀಕರಿಸಬೇಕು. ಅಳೆಯುವ ಕೋಲು ನಮ್ಮ ಊರುಗಳ ಶಿಲಾಶಾಸನಗಳಲ್ಲಿಯೂ ಮುರಿದ ಗುಡಿಗಳಲ್ಲಿಯೂ ಇರುವದು. ಅವುಗಳನ್ನು ಕಾಯದಿದ್ದರೆ ನಮ್ಮ ಇತಿಹಾಸಕ್ಕೆ ಗೆದ್ದವರ ಮಾತೊಂದೇ ಉಳಿದೀತು.