ಗ್ರಹಣ ಹಿಡಿದ ಆಕಾಶ, ದೂರು ಹೊತ್ತ ತಾಯಿ



ಮೂರು ರಾಯರ ಹಬ್ಬದಂದು ನಾವು ಆಕಾಶವನ್ನು ನೋಡಿ ದಾರಿ ಹಿಡಿದ ಜ್ಞಾನಿಗಳನ್ನು ಸ್ಮರಿಸುತ್ತೇವೆ. ಅದೇ ಆಕಾಶಕ್ಕೆ ಹೆದರಿ ಜನರು ಬಾಗಿಲು ಹಾಕಿಕೊಂಡ ದಿನವೂ ಒಂದಿದೆ. 1980ರ ಫೆಬ್ರುವರಿ 16, ಶನಿವಾರ. ವಿಭೂತಿ ಬುಧವಾರಕ್ಕೆ ನಾಲ್ಕೇ ದಿನ ಉಳಿದಿತ್ತು. ಅಂಕೋಲೆಯ ಕಡಲತೀರದಲ್ಲಿ ನೆಲ ಮುಟ್ಟಿದ ಚಂದ್ರನ ನೆರಳು ಹುಬ್ಬಳ್ಳಿ ದಾಟಿ, ನಮ್ಮ ನರಗುಂದ, ರೋಣ, ಗಜೇಂದ್ರಗಡಗಳ ಮೇಲೆ ಹಾದು ರಾಯಚೂರಿನತ್ತ ಸಾಗಿತು. ಮಧ್ಯಾಹ್ನ ಮೂರೂವರೆ ಮೀರಿದ ಹೊತ್ತಿಗೆ ಎರಡು ನಿಮಿಷಕ್ಕೂ ಹೆಚ್ಚು ಕಾಲ ಕತ್ತಲೆ. ಹುಬ್ಬಳ್ಳಿ ಬಳಿಯ ಹೊಸೂರಿನಲ್ಲಿಯೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿಯೂ ವಿಜ್ಞಾನಿಗಳು ಉಪಕರಣ ಹೂಡಿ ಕಾದಿದ್ದರು. ದೇಶದ ತುಂಬ ಬೀದಿಗಳು ಖಾಲಿ.

ಹೆಚ್ಚಿನ ಕಟ್ಟುಪಾಡು ಬಸುರಿಯರಿಗೆ. ಗ್ರಹಣದಲ್ಲಿ ಹೊರಗೆ ಬಂದರೆ, ಈಳಿಗೆ ಮುಟ್ಟಿದರೆ ಮಗುವಿನ ತುಟಿ ಸೀಳುತ್ತದೆಂಬ ಮಾತು. ಜಪಸರ ಹಿಡಿಯುವ ಮನೆಗಳಲ್ಲಿಯೂ ಈ ಮಾತು ಇಲ್ಲದಿಲ್ಲ.

ಇದನ್ನು ಕೇಳಿ ನೆರೆಯವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ಗ್ರಹಣವೆಂದರೆ ಬರಿಯ ನೆರಳು ಎಂದು ಆರ್ಯಭಟ ಕ್ರಿ.ಶ. 499ರಲ್ಲೇ ಬರೆದ, ರಾಹುವನ್ನು ಕೈಬಿಟ್ಟದ್ದಕ್ಕೆ 628ರಲ್ಲಿ ಬ್ರಹ್ಮಗುಪ್ತ ಅವನನ್ನು ಆಕ್ಷೇಪಿಸಿದ. ನಮ್ಮ ಧರ್ಮಸಭೆ ಮಾಡಿದ್ದು ಇದಕ್ಕಿಂತ ಕಠಿಣ. ಕೊಪರ್ನಿಕಸ್ 1543ರಲ್ಲಿ ತನ್ನ ಗ್ರಂಥವನ್ನು ಜಗದ್ಗುರು ಮೂರನೆಯ ಪೌಲರಿಗೆ ಅರ್ಪಿಸಿದ್ದ. 1616ರಲ್ಲಿ ರೋಮ್ ಅದನ್ನು ತಡೆಹಿಡಿಯಿತು. ಭೂಮಿ ಸುತ್ತುತ್ತದೆ ಎಂದ ಗೆಲಿಲಿಯೋನಿಗೆ 1633ರಲ್ಲಿ ಶಿಕ್ಷೆ ವಿಧಿಸಲಾಯಿತು. 1642ರಲ್ಲಿ ಸಾಯುವವರೆಗೂ ಅವನು ಗೃಹಬಂಧನದಲ್ಲಿದ್ದ. ನಮ್ಮಲ್ಲಿ ಗ್ರಹಣವಾಗುವ ಮೂರು ತಿಂಗಳ ಮುಂಚೆ, 1979ರ ನವೆಂಬರಿನಲ್ಲಿ, ಜಗದ್ಗುರು ಎರಡನೆಯ ಜಾನ್ ಪೌಲರು ಆ ಪ್ರಕರಣವನ್ನು ಮತ್ತೆ ಪರಿಶೀಲಿಸಿರಿ ಎಂದರು. ತೀರ್ಪುಗಾರರು ತಪ್ಪಿದ್ದರೆಂದು ಒಪ್ಪಿಕೊಂಡದ್ದು 1992ರಲ್ಲಿ. ಅಷ್ಟರಲ್ಲಿ 359 ವರ್ಷಗಳು ಕಳೆದಿದ್ದವು!

ಹಾಗಾದರೆ ತುಟಿ ಸೀಳುವುದೇಕೆ? ಒಂದು ಹೋಲಿಕೆ ಕೊಡುತ್ತೇವೆ. ಎಲ್ಲ ದೇವಾಲಯಗಳಲ್ಲಿಯೂ ಪೂಜಾಗ್ರಂಥ ಒಂದೇ. ಆದರೆ ಕ್ರಿಸ್ತಜಯಂತಿಗೆ ತೆರೆಯುವ ಪುಟ ಬೇರೆ, ಶುಭ ಶುಕ್ರವಾರಕ್ಕೆ ಬೇರೆ. ನಮ್ಮ ದೇಹದ ಜೀವಕೋಶಗಳೂ ಹೀಗೆಯೇ. ಕಣ್ಣಿನ ಕೋಶದಲ್ಲಿಯೂ ಚರ್ಮದ ಕೋಶದಲ್ಲಿಯೂ ಇರುವ ವಂಶವಾಹಿಗಳು ಒಂದೇ. ಯಾವುದು ಎಲ್ಲಿ, ಯಾವಾಗ ತೆರೆಯಬೇಕು, ಯಾವುದು ಮುಚ್ಚಿರಬೇಕು ಎಂಬ ನಿಯಂತ್ರಣವೇ ಬೇರೆ ಬೇರೆ. ಗರ್ಭದಲ್ಲಿ ಮಗುವಿನ ತುಟಿ ಕೂಡುವುದು ನಾಲ್ಕರಿಂದ ಏಳನೆಯ ವಾರದೊಳಗೆ. ಆಗ ಪುಟ ತಪ್ಪಿದರೆ ಎರಡು ಅಂಚುಗಳು ಕೂಡದೆ ಉಳಿಯುತ್ತವೆ. ಐಆರ್‌ಎಫ್6 ಎಂಬ ವಂಶವಾಹಿಯ ದೋಷದಿಂದ ಕೆಲವು ಕುಟುಂಬಗಳಲ್ಲಿ ಸೀಳುತುಟಿ ಬರುತ್ತದೆಂದು 2002ರಲ್ಲಿ ತಿಳಿಯಿತು. 2008ರಲ್ಲಿ ಇನ್ನೂ ಸೂಕ್ಷ್ಮ ಸಂಗತಿ ಹೊರಬಂತು: ವಂಶವಾಹಿ ಸರಿಯಿದ್ದರೂ ಅದನ್ನು ತೆರೆಯುವ ಭಾಗದಲ್ಲಿನ ಒಂದು ಅಕ್ಷರದ ವ್ಯತ್ಯಾಸ ಸೀಳುತುಟಿಯ ಸಂಭವವನ್ನು ಹೆಚ್ಚಿಸುತ್ತದೆ. ಧೂಮಪಾನ, ಕೆಲವು ಔಷಧಿಗಳೂ ಕಾರಣವಾಗಬಲ್ಲವು. ಐದು ತಿಂಗಳ ಬಸುರಿ ಗ್ರಹಣದಲ್ಲಿ ಬದನೆಕಾಯಿ ಹೆಚ್ಚಿದರೆ, ಎಂದೋ ಕೂಡಿದ ತುಟಿ ಬಿರಿಯುವುದು ಹೇಗೆ?

ಆದರೂ ದೂರು ತಾಯಿಯ ಮೇಲೆಯೇ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪವೆಂದು ಕೇಳಿದಾಗ, ಇವನದೂ ಅಲ್ಲ, ಹೆತ್ತವರದೂ ಅಲ್ಲ ಎಂದರು ಪ್ರಭು ಯೇಸು. ಆ ಮಾತನ್ನು ನಾವು ಪೀಠದಿಂದ ಓದುತ್ತೇವೆ, ಆಮೇಲೆ ಓಣಿಯಲ್ಲಿ ಮರೆಯುತ್ತೇವೆ. 2019ರ ಡಿಸೆಂಬರ್ 26ರ ಗ್ರಹಣದಂದು, ಕ್ರಿಸ್ತಜಯಂತಿಯ ಮರುದಿನ, ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಹೂತವರು ಆ ಮಕ್ಕಳನ್ನು ಪ್ರೀತಿಸುವ ಹೆತ್ತವರೇ. ಅದೇ ಎದೆ ಹಿಂಡುವ ಸಂಗತಿ.

ಸೀಳುತುಟಿಯನ್ನು ಮಗುವಿಗೆ ಮೂರರಿಂದ ಆರು ತಿಂಗಳಾದಾಗಲೇ ಹೊಲಿಯಬಹುದು. ನಮ್ಮವರಿಗೆ ಧಾರವಾಡವೇನೂ ದೂರವಲ್ಲ. ಅಲ್ಲಿ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. 2027ರ ಆಗಸ್ಟ್ 2ರ ಇಳಿಹೊತ್ತು ನಮ್ಮ ಭಾಗದಲ್ಲಿ ಪಾರ್ಶ್ವ ಸೂರ್ಯಗ್ರಹಣ ಬೀಳುತ್ತದೆ, ಮೋಡವಿರದಿದ್ದರೆ ಕಾಣುತ್ತದೆ. ಬರಿಗಣ್ಣಿನಲ್ಲಿ ಮಾತ್ರ ಯಾರೂ ನೋಡಬಾರದು. ಬಸುರಿಯರು ಅಂದು ಊಟ ಬಿಡದಿರಲಿ.