ಎಣಿಕೆಗೆ ಸಿಗದ ಗೆಡ್ಡೆ

ಗರ್ಭಕೋಶದ ಒಳಪೊರೆಯಲ್ಲಿ ಗ್ರಂಥಿಗಳಿಗೆ ಆಸರೆಯಾಗಿರುವ ಅಂಗಾಂಶಕ್ಕೆ ಸ್ಟ್ರೋಮಾ ಎನ್ನುತ್ತಾರೆ. ಅಲ್ಲಿ ಹುಟ್ಟುವ ಸಾರ್ಕೋಮಾ ತೀರ ಅಪರೂಪದ ಕ್ಯಾನ್ಸರ್. 1966ರಲ್ಲಿ ರೋಗಶಾಸ್ತ್ರಜ್ಞರಾದ ನಾರಿಸ್ ಮತ್ತು ಟೇಲರ್ ಇಂಥ 53 ಗೆಡ್ಡೆಗಳನ್ನು ಪರಿಶೀಲಿಸಿ ಒಂದು ಗೆರೆ ಎಳೆದರು: ಸೂಕ್ಷ್ಮದರ್ಶಕದ ಹತ್ತು ನೋಟಗಳಲ್ಲಿ ವಿಭಜನೆಯಾಗುತ್ತಿರುವ ಜೀವಕೋಶಗಳು ಹತ್ತಕ್ಕಿಂತ ಕಡಿಮೆಯಿದ್ದರೆ ರೋಗ ಸೌಮ್ಯ, ಹತ್ತು ಮುಟ್ಟಿದರೆ ಉಗ್ರ. ಬಣ್ಣ ಹಾಕಿದ ಗಾಜಿನ ಪಟ್ಟಿ ಮತ್ತು ತಾಳ್ಮೆಯ ಕಣ್ಣು ಇದ್ದಲ್ಲೆಲ್ಲ ಈ ಲೆಕ್ಕ ಸಾಧ್ಯವಿತ್ತು. ಅದಕ್ಕೇ ಅಷ್ಟು ಕಾಲ ಉಳಿಯಿತು. ಆದರೆ 1990ರಲ್ಲಿ ಕೆಂಪ್ಸನ್, ಹೆಂಡ್ರಿಕ್ಸನ್ ಮತ್ತು ಸಂಗಡಿಗರು 117 ಪ್ರಕರಣಗಳನ್ನು ಮತ್ತೆ ನೋಡಿದಾಗ, ಗರ್ಭಕೋಶದೊಳಗೇ ಉಳಿದಿದ್ದ ಗೆಡ್ಡೆಗಳಲ್ಲಿ ಆ ಎಣಿಕೆ ರೋಗ ಮರುಕಳಿಸುವುದನ್ನು ಮುನ್ಸೂಚಿಸಲಿಲ್ಲ. 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ‘ಉಗ್ರ’ ಎಂಬ ಗುಂಪನ್ನೇ ಕೈಬಿಟ್ಟಿತು. ಉಳಿದದ್ದು ಎರಡು ತುದಿ: ನಿಧಾನವಾಗಿ ಬೆಳೆಯುವ ಸೌಮ್ಯ ಸಾರ್ಕೋಮಾ, ಮೂಲದ ಗುರುತೇ ಅಳಿಸಿಹೋದ ಸಾರ್ಕೋಮಾ.

ಆಧಾರವಿಲ್ಲದ ಗುಂಪನ್ನು ಬಿಟ್ಟದ್ದು ಪ್ರಾಮಾಣಿಕ ನಿರ್ಧಾರ. ಆದರೂ ಇವೆರಡರ ನಡುವಿನ ರೋಗ ನಿಜವಾಗಿ ಇತ್ತು, ಅದನ್ನು ಹೊತ್ತ ಹೆಂಗಸರಿದ್ದರು. ಅವರ ವರದಿ ಯಾವುದಾದರೊಂದು ತುದಿಗೆ ಸೇರಬೇಕಾಯಿತು. ಸೌಮ್ಯ ಬಗೆಗೆ ಹಾರ್ಮೋನ್ ತಡೆಯುವ ಚಿಕಿತ್ಸೆ ಸಾಮಾನ್ಯವಾಗಿ ಹಿಡಿಯುತ್ತದೆ, ಉಗ್ರ ಬಗೆಯ ಜೀವಕೋಶಗಳಲ್ಲಿ ಹಾರ್ಮೋನ್ ಗ್ರಾಹಕಗಳೇ ಸಾಮಾನ್ಯವಾಗಿ ಇರುವುದಿಲ್ಲ. ತಪ್ಪು ಗುಂಪು ಎಂದರೆ ತಪ್ಪು ಔಷಧ.

ಈ ಖಾಲಿ ಜಾಗಕ್ಕೆ ಆಧಾರ ಒದಗಿಸಿದ್ದು ವರ್ಣತಂತುಗಳ ಅಧ್ಯಯನ. 2001ರಲ್ಲಿ ಜೆಫ್ರಿ ಸ್ಕ್ಲಾರ್ ಅವರ ತಂಡ, 7 ಮತ್ತು 17ನೆಯ ವರ್ಣತಂತುಗಳು ತುಂಡಾಗಿ ಅದಲುಬದಲಾದಾಗ ಜೆಎಝಡ್ಎಫ್1 ಜೀನ್ ಎಸ್‌ಯುಝಡ್12ಕ್ಕೆ ಬೆಸೆದುಕೊಳ್ಳುವುದನ್ನು ಸೌಮ್ಯ ಬಗೆಯಲ್ಲಿ ತೋರಿಸಿತು. 2012ರಲ್ಲಿ ದುಂಡು ಜೀವಕೋಶಗಳ ಉಗ್ರ ಗೆಡ್ಡೆಗಳಲ್ಲಿ ಬೇರೆಯೇ ಬೆಸುಗೆ ಸಿಕ್ಕಿತು: 10 ಮತ್ತು 17ರ ನಡುವಿನದು, ವೈಡಬ್ಲ್ಯುಎಚ್ಎಇ ಜೀನಿನದು. ಈ ರೋಗಿಗಳ ಗತಿ ಎರಡು ತುದಿಗಳ ನಡುವೆ ನಿಲ್ಲುತ್ತಿತ್ತು. 2014ರಲ್ಲಿ ‘ಉಗ್ರ’ ಗುಂಪು ವರ್ಗೀಕರಣಕ್ಕೆ ಮರಳಿತು. ನಾರಿಸ್ ಮತ್ತು ಟೇಲರ್ ಎರಡು ಬಗೆಯ ರೋಗವಿದೆ ಎಂದು ಕಂಡದ್ದು ಸರಿಯಾಗಿತ್ತು, ಅವುಗಳನ್ನು ಬೇರ್ಪಡಿಸಲು ಆರಿಸಿದ ಅಳತೆ ಮಾತ್ರ ಸೋತಿತು ಎಂಬುದು ನನ್ನ ತೀರ್ಮಾನ. ಜೀನ್ ಪರೀಕ್ಷೆ ಕಣ್ಣಿನ ಕೆಲಸವನ್ನು ರದ್ದು ಮಾಡಲಿಲ್ಲ, ಅದಕ್ಕೆ ಸಾಕ್ಷಿ ಹೇಳಿತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಜೆಎಝಡ್ಎಫ್1 ಬೆಸುಗೆ ನಿರಪಾಯದ ಸ್ಟ್ರೋಮಾ ಗಂಟುಗಳಲ್ಲೂ ಕಾಣುತ್ತದೆ. ಅಂಥದೇ ಬೆಸೆದ ಆರ್‌ಎನ್‌ಎ ಆರೋಗ್ಯವಂತ ಒಳಪೊರೆಯ ಜೀವಕೋಶಗಳಲ್ಲೂ ತಯಾರಾಗುತ್ತದೆ ಎಂದು 2008ರಲ್ಲಿ ಸ್ಕ್ಲಾರ್ ತಂಡವೇ ಪ್ರಕಟಿಸಿತು. ಹಾಗಾದರೆ ಬೆಸುಗೆಯನ್ನು ನಂಬುವುದು ಹೇಗೆ? ಒಂಟಿಯಾಗಿ ನಂಬಲಾಗದು, ನಂಬಬಾರದು. ಗಂಟು ಮತ್ತು ಸಾರ್ಕೋಮಾಗಳ ಭೇದ ಇರುವುದು ಅಂಚಿನಲ್ಲಿ: ಗೆಡ್ಡೆ ಸುತ್ತಲಿನ ಸ್ನಾಯುವಿಗೆ, ರಕ್ತನಾಳಕ್ಕೆ ನುಗ್ಗಿದೆಯೇ ಎಂಬುದರಲ್ಲಿ. ಕೆರೆದು ತೆಗೆದ ಚೂರಿನಲ್ಲಿ ಆ ಅಂಚು ಇರುವುದಿಲ್ಲ. ಇಡೀ ಗೆಡ್ಡೆ ಕೈಗೆ ಬಂದ ಮೇಲೆಯೇ ಅದು ಕಾಣುವುದು. ಈ ಒಂದು ಪ್ರಶ್ನೆಗೆ ಅತ್ಯಂತ ದುಬಾರಿ ಜೀನ್ ಪರೀಕ್ಷೆಯೂ ಉತ್ತರ ಕೊಡಲಾರದು.

ಇನ್ನೊಂದು ಆಕ್ಷೇಪ ಖರ್ಚಿನದು: ಇಷ್ಟು ವಿರಳ ರೋಗಕ್ಕೆ ಇಷ್ಟೊಂದು ಪರೀಕ್ಷೆ ಬೇಕೇ? ಎಲ್ಲ ಗೆಡ್ಡೆಗೂ ಜೀನ್ ಓದಬೇಕಿಲ್ಲ. ಸೈಕ್ಲಿನ್ ಡಿ1, ಬಿಕೋರ್ ಪ್ರೋಟೀನುಗಳಿಗೆ ಬಣ್ಣ ಹಿಡಿಸಿ ನೋಡುವ ಅಗ್ಗದ ಪರೀಕ್ಷೆಗಳು ಯಾವುದನ್ನು ಮುಂದಕ್ಕೆ ಕಳಿಸಬೇಕೆಂದು ತಿಳಿಸುತ್ತವೆ. ವಿರಳವೆಂಬ ಕಾರಣಕ್ಕೆ ಕೈಬಿಟ್ಟಿದ್ದರೆ ಎನ್‌ಟಿಆರ್‌ಕೆ ಜೀನುಗಳ ಬೆಸುಗೆಯ ಗರ್ಭಕೋಶದ ಸಾರ್ಕೋಮಾಗಳೂ ಬೇರೆ ಹೆಸರುಗಳಡಿ ಹುದುಗಿರುತ್ತಿದ್ದವು. ಅವುಗಳ ವಿವರ ಪ್ರಕಟವಾದ 2018ರಲ್ಲೇ, ಗೆಡ್ಡೆ ಯಾವ ಅಂಗದ್ದಾದರೂ ಆ ಬೆಸುಗೆಯನ್ನೇ ಗುರಿಯಾಗಿಸುವ ಔಷಧವಾದ ಲಾರೋಟ್ರೆಕ್ಟಿನಿಬ್‌ಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು.