ತಂತಿಯಿಂದ ಗುರುತಿಗೆ: ಕರ್ನಲ್‌ಗಳಲ್ಲಿ ಇಂಟರಪ್ಟ್ ಸಂಖ್ಯೆಗಳ ಚರಿತ್ರೆ

ಪೀಠಿಕೆ

ಕೀಲಿಮಣೆಯ ಕೀಲಿಯೊಂದನ್ನು ಒತ್ತಿದಾಗ, ನೆಟ್‌ವರ್ಕ್ ಕಾರ್ಡಿಗೆ ಪ್ಯಾಕೆಟ್ ಬಂದಾಗ, ಕೇಳಿದ ಮಾಹಿತಿಯನ್ನು ಡಿಸ್ಕ್ ಓದಿ ಮುಗಿಸಿದಾಗ ಆಯಾ ಸಾಧನ ಪ್ರೊಸೆಸರಿನ ಗಮನ ಸೆಳೆಯುತ್ತದೆ. ಆ ಕರೆಗೆ ಇಂಟರಪ್ಟ್ ಎಂದು ಹೆಸರು. ಕರೆ ಬಂದ ಕೂಡಲೇ ಕರ್ನಲ್ ತಿಳಿಯಬೇಕಾದದ್ದು ಕರೆದ ಸಾಧನ ಯಾವುದು ಎಂಬುದನ್ನು. ಅದು ತಪ್ಪಿದರೆ ಡಿಸ್ಕಿನ ಡ್ರೈವರ್ ಬಾರದ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ. ಸಂಬಂಧವಿಲ್ಲದ ಮತ್ತೊಂದು ಡ್ರೈವರ್ ಎಚ್ಚೆತ್ತು, ಮಾಡಲು ಕೆಲಸ ಕಾಣದೆ ಹಿಂದಿರುಗುತ್ತದೆ.

ಕರೆದ ಸಾಧನವನ್ನು ಒಂದು ಸಂಖ್ಯೆಯಿಂದ ಗುರುತಿಸುವ ಪದ್ಧತಿ ನಾಲ್ಕು ದಶಕಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಮೊದಲು ಇಡೀ ಯಂತ್ರಕ್ಕೆ ಒಂದೇ ಸಂಖ್ಯಾಸರಣಿ ಇತ್ತು, ಸಂಖ್ಯೆ ಎಂದರೆ ತಂತಿ. ಇಂದು ಪ್ರತಿಯೊಂದು ಸಂಖ್ಯೆಗೂ ತನ್ನ ವಲಯದೊಳಗೆ ಮಾತ್ರ ಬೆಲೆ. ವಲಯವನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಹೇಳಿದರೆ ಸಾಧನವನ್ನು ಗುರುತಿಸಿದಂತಾಗುವುದಿಲ್ಲ ಎಂಬ ಅರಿವು ಕರ್ನಲ್‌ಗಳಲ್ಲಿ ಮೂಡಿದ ಬಗೆಯೇ ಈ ಚರಿತ್ರೆಯ ತಿರುಳು ಎಂಬುದು ನನ್ನ ವಾದ. ಮೂಲ ಕೋಡ್ ಮತ್ತು ಅದರ ಬದಲಾವಣೆಗಳ ದಾಖಲೆ ಎಲ್ಲರಿಗೂ ತೆರೆದಿರುವುದರಿಂದ ಲಿನಕ್ಸನ್ನೇ ಮುಖ್ಯ ನಿದರ್ಶನವಾಗಿ ಇಟ್ಟುಕೊಂಡಿದ್ದೇನೆ.

ತಂತಿಯೇ ಸಂಖ್ಯೆಯಾಗಿದ್ದ ಕಾಲ

1981ರ ಐಬಿಎಂ ಪಿಸಿಯಲ್ಲಿ ಇಂಟರಪ್ಟ್‌ಗಳನ್ನು ನಿಭಾಯಿಸುತ್ತಿದ್ದುದು ಇಂಟೆಲ್ಲಿನ 8259ಎ ಚಿಪ್. ಅದಕ್ಕೆ ಎಂಟು ತಂತಿಗಳು. 0ನೆಯದು ಟೈಮರಿಗೆ, 1ನೆಯದು ಕೀಲಿಮಣೆಗೆ, 6ನೆಯದು ಫ್ಲಾಪಿಗೆ. ಯಾವ ತಂತಿಯಲ್ಲಿ ಸಂಕೇತ ಬಂತೆಂದು ಗೊತ್ತಾದರೆ ಸಾಧನವೂ ಗೊತ್ತಾದಂತೆ. ಹೊಸ ಕಾರ್ಡ್ ಹಾಕುವವರು ಅದರ ಜಂಪರನ್ನು ಕೈಯಿಂದಲೇ ಸರಿಪಡಿಸಿ ಖಾಲಿ ಇರುವ ಸಂಖ್ಯೆಯೊಂದನ್ನು ಕೊಡುತ್ತಿದ್ದರು. ಹಂಚಿಕೆಯ ನಕ್ಷೆ ಬಳಕೆದಾರರ ತಲೆಯಲ್ಲಿರುತ್ತಿತ್ತು, ಇಲ್ಲವೇ ಒಂದು ಚೀಟಿಯಲ್ಲಿ.

1984ರ ಪಿಸಿ ಎಟಿಯಲ್ಲಿ ಎರಡನೆಯ 8259ಎ ಸೇರಿತು. ಅದನ್ನು ಮೊದಲನೆಯದರ 2ನೆಯ ತಂತಿಗೆ ಜೋಡಿಸಿದ್ದರಿಂದ ಸಾಧನಗಳ ಪಾಲಿಗೆ ಆ ಸಂಖ್ಯೆ ಇಲ್ಲವಾಯಿತು. ಹಳೆಯ ಕಾರ್ಡುಗಳೋ 2ನೆಯ ತಂತಿಯನ್ನೇ ನಂಬಿಕೊಂಡಿದ್ದವು. ಅವುಗಳಿಗಾಗಿ ಸ್ಲಾಟಿನ ಆ ಪಿನ್ನನ್ನು 9ನೆಯ ಪ್ರವೇಶಕ್ಕೆ ಜೋಡಿಸಲಾಯಿತು. 9ರಲ್ಲಿ ಬಂದ ಕರೆಯನ್ನು ಬಯಾಸ್ ಮರಳಿ 2ರ ಹ್ಯಾಂಡ್ಲರಿಗೆ ದಾಟಿಸುತ್ತಿತ್ತು. ಸಾಧನ ನಂಬಿದ ಸಂಖ್ಯೆಗೂ ಯಂತ್ರಾಂಶ ಬಳಸುವ ಸಂಖ್ಯೆಗೂ ನಡುವೆ ತಂತ್ರಾಂಶ ನಿಂತು ಭಾಷಾಂತರಿಸಿದ ಈ ಘಟನೆಯನ್ನು ಪಿಸಿಯ ಚರಿತ್ರೆಯಲ್ಲಿ ಗಮನಿಸಲೇಬೇಕು. ಮುಂದಿನ ಎಲ್ಲ ಏರ್ಪಾಡುಗಳ ಬೀಜ ಇಲ್ಲಿದೆ.

ಇನ್ನೊಂದು ತೊಡಕು, ಪ್ರತಿ ಇಂಟರಪ್ಟಿಗೂ ದೋಷಕ್ಕೂ ಪ್ರೊಸೆಸರ್ ಬಳಸುವ ಕ್ರಮಸಂಖ್ಯೆಗಳಾದ ವೆಕ್ಟರ್‌ಗಳದು. ಪ್ರೊಸೆಸರಿನ ಮೊದಲ 32 ವೆಕ್ಟರ್‌ಗಳನ್ನು ಇಂಟೆಲ್ ತನ್ನ ಉಪಯೋಗಕ್ಕೆಂದು ಮೀಸಲಿಟ್ಟಿತ್ತು. ಐಬಿಎಂ ತನ್ನ 0ನೆಯ ತಂತಿಯನ್ನು 8ನೆಯ ವೆಕ್ಟರಿಗೆ ಕಟ್ಟಿತು. 286ರಿಂದ ಮುಂದೆ ಆ ವೆಕ್ಟರ್ ‘ಡಬಲ್ ಫಾಲ್ಟ್’ ಎಂಬ ದೋಷದ್ದು. ಹೀಗಾಗಿ ಪ್ರೊಟೆಕ್ಟೆಡ್ ಮೋಡಿನಲ್ಲಿ ನಡೆಯುವ ಕರ್ನಲ್‌ಗಳು ಆರಂಭವಾದೊಡನೆ ತಂತಿಗಳನ್ನು 32 ಅಥವಾ ಅದಕ್ಕೂ ಮೇಲಿನ ವೆಕ್ಟರ್‌ಗಳಿಗೆ ಸರಿಸಬೇಕಾಯಿತು.

ಕೋಷ್ಟಕಗಳ ಆಗಮನ

1992ರ ಪಿಸಿಐ ಬಸ್ ಪ್ರತಿ ಸ್ಲಾಟಿಗೆ ಎ, ಬಿ, ಸಿ, ಡಿ ಎಂಬ ನಾಲ್ಕು ಇಂಟರಪ್ಟ್ ಪಿನ್ನುಗಳನ್ನು ಕೊಟ್ಟಿತು. ಹಲವು ಸಾಧನಗಳು ಒಂದೇ ತಂತಿಯನ್ನು ಹಂಚಿಕೊಳ್ಳಲು ಅವಕಾಶವೂ ದೊರೆಯಿತು. ಬಹುಪಾಲು ಸಾಧನಗಳು ‘ಎ’ ಪಿನ್ನನ್ನೇ ಬಳಸುವುದರಿಂದ ಹೊರೆಯೆಲ್ಲ ಒಂದೇ ತಂತಿಯ ಮೇಲೆ ಬೀಳದಿರಲೆಂದು ಒಂದು ಬಸ್ಸನ್ನು ಇನ್ನೊಂದಕ್ಕೆ ಜೋಡಿಸುವ ಸೇತುವೆಗಳ ಹಿಂದೆ ಪಿನ್ನುಗಳನ್ನು ಸರದಿಯಂತೆ ತಿರುಗಿಸುವ ಸೂತ್ರ ಬಂತು: ಪಿನ್ನಿನ ಕ್ರಮಾಂಕಕ್ಕೆ ಸಾಧನದ ಸಂಖ್ಯೆಯನ್ನು ಕೂಡಿಸಿ, ನಾಲ್ಕರಿಂದ ಭಾಗಿಸಿದಾಗ ಉಳಿಯುವ ಶೇಷ. ‘ಎ’ಯನ್ನು ಸೊನ್ನೆ ಎಂದಿಟ್ಟುಕೊಂಡರೆ, ಸೇತುವೆಯ ಹಿಂದಿರುವ 5ನೆಯ ಸಾಧನದ ‘ಎ’ ಪಿನ್ ಸೇತುವೆಯ ಮುಂದೆ ‘ಬಿ’ ಆಗಿ ಕಾಣುತ್ತದೆ.

ಮದರ್‌ಬೋರ್ಡಿನ ಮೇಲೆ ಆ ‘ಬಿ’ ಎಲ್ಲಿಗೆ ಹೋಗುತ್ತದೆ ಎಂಬುದು ಬೋರ್ಡ್ ತಯಾರಿಸಿದವರಿಗಷ್ಟೇ ಗೊತ್ತು. ಸಾಧನದ ಕಾನ್ಫಿಗರೇಶನ್ ಪ್ರದೇಶದ 60ನೆಯ ಬೈಟಿನಲ್ಲಿ ಬಯಾಸ್ ಒಂದು ಸಂಖ್ಯೆ ಬರೆದಿಡುತ್ತಿತ್ತು. ಅದು ಕೇವಲ ಮಾಹಿತಿ. ಅದನ್ನು ಬದಲಿಸಿದರೆ ತಂತಿಯ ದಾರಿ ಬದಲಾಗುವುದಿಲ್ಲ. ಹಲವು ಪ್ರೊಸೆಸರುಗಳ ಯಂತ್ರಗಳು, 24 ಪ್ರವೇಶಗಳ ಐಒ-ಎಪಿಕ್ ಚಿಪ್ಪುಗಳು ಬಂದಾಗ ಆ ಒಂದು ಬೈಟ್ ಸಾಲದಾಯಿತು. ಇಂಟೆಲ್ಲಿನ ಬಹುಪ್ರೊಸೆಸರ್ ಕೋಷ್ಟಕ, ಬಳಿಕ 1996ರ ಎಸಿಪಿಐ ಈ ನಕ್ಷೆಯನ್ನು ಬರಹಕ್ಕೆ ಇಳಿಸಿದವು. ಹಳೆಯ ಟೈಮರಿನ 0ನೆಯ ಸಂಖ್ಯೆ ಎಷ್ಟೋ ಯಂತ್ರಗಳಲ್ಲಿ ಐಒ-ಎಪಿಕ್‌ನ 2ನೆಯ ಪ್ರವೇಶಕ್ಕೆ ಬರುತ್ತದೆಂದು ಕರ್ನಲ್ಲಿಗೆ ತಿಳಿಯುವುದು ಎಸಿಪಿಐನ ಇಂಥ ಒಂದು ನಮೂದಿನಿಂದಲೇ. ನಕ್ಷೆ ಬಳಕೆದಾರರ ಚೀಟಿಯಿಂದ ಫರ್ಮ್‌ವೇರಿಗೆ ಬಂತು. ಅದರೊಂದಿಗೆ ಅದನ್ನು ಸರಿಯಾಗಿ ಬರೆಯುವ ಹೊಣೆಯೂ ಬಂತು.

ವಲಯದ ಕಲ್ಪನೆ

ಪವರ್‌ಪಿಸಿ ಮತ್ತು ಆರ್ಮ್ ಯಂತ್ರಗಳಲ್ಲಿ ಇಂಟರಪ್ಟ್ ನಿಯಂತ್ರಕಗಳು ಒಂದರ ಹಿಂದೊಂದು ಸಾಲಾಗಿ ಬರುತ್ತವೆ. ಪ್ರತಿಯೊಂದೂ ತನ್ನ ಪ್ರವೇಶಗಳನ್ನು ಸೊನ್ನೆಯಿಂದಲೇ ಎಣಿಸುತ್ತದೆ. ಬಡಾವಣೆಯ ಹೆಸರಿಲ್ಲದೆ ‘3ನೆಯ ಅಡ್ಡರಸ್ತೆ, 42ನೆಯ ಮನೆ’ ಎಂದಷ್ಟೇ ಬರೆದ ವಿಳಾಸದಂತೆ, ‘5ನೆಯ ಇಂಟರಪ್ಟ್’ ಎಂದರೆ ಅಲ್ಲಿ ಯಾವ ಅರ್ಥವೂ ಹೊರಡದು.

2006ರಲ್ಲಿ ಬೆಂಜಮಿನ್ ಹೆರೆನ್‌ಶ್ಮಿಟ್ ಲಿನಕ್ಸಿನ ಪವರ್‌ಪಿಸಿ ಭಾಗದಲ್ಲಿ ಇದಕ್ಕೊಂದು ಪರಿಹಾರ ರೂಪಿಸಿದರು. ಪ್ರತಿ ನಿಯಂತ್ರಕಕ್ಕೂ ಒಂದು ವಲಯ. ವಲಯದೊಳಗೆ ಅದರದೇ ಯಂತ್ರಾಂಶ ಸಂಖ್ಯೆ. ವಲಯ ಮತ್ತು ಸಂಖ್ಯೆಯ ಜೋಡಿಗೆ ಪ್ರತಿಯಾಗಿ ಕರ್ನಲ್ ತಾನೇ ಕೊಡುವ ಬೇರೊಂದು ಸಂಖ್ಯೆ. ಡ್ರೈವರ್ ಈ ಕೊನೆಯ ಸಂಖ್ಯೆಯನ್ನು ಹಿಡಿದು ಕೆಲಸ ಮಾಡಿದರೆ ಸಾಕು, ಅದರೊಳಗೆ ಅರ್ಥ ಹುಡುಕಬೇಕಿಲ್ಲ. 2011-12ರಲ್ಲಿ ಗ್ರಾಂಟ್ ಲೈಕ್ಲಿ ಈ ಏರ್ಪಾಡನ್ನು ಎಲ್ಲ ಬಗೆಯ ಯಂತ್ರಗಳಿಗೂ ವಿಸ್ತರಿಸಿದರು. ಈ ಇಡೀ ಚರಿತ್ರೆಯಲ್ಲಿ ನಿರ್ಣಾಯಕವಾದ ಹೆಜ್ಜೆ ಇದೇ ಎಂದು ನಾನು ಭಾವಿಸುತ್ತೇನೆ. ಒಂದೇ ಸಂಖ್ಯೆಯಿಂದ ತಂತಿಯನ್ನೂ ಸಾಧನವನ್ನೂ ಡ್ರೈವರಿನ ಹಿಡಿಕೆಯನ್ನೂ ಹೇಳಿಸುತ್ತಿದ್ದ ಹಳೆಯ ಅಭ್ಯಾಸ ಇಲ್ಲಿಗೆ ನಿಂತಿತು.

ಕಳುಹಿಸಿದವರ ಗುರುತು

1998ರ ಪಿಸಿಐ 2.2 ಆವೃತ್ತಿಯ ಎಂಎಸ್‌ಐ ಪದ್ಧತಿಗೆ ತಂತಿಯೇ ಬೇಡ. ಗೊತ್ತುಪಡಿಸಿದ ವಿಳಾಸಕ್ಕೆ ಸಾಧನ ಒಂದು ಸಣ್ಣ ಸಂದೇಶ ಬರೆದರೆ ಅದೇ ಇಂಟರಪ್ಟ್. ಒಂದು ಸಾಧನಕ್ಕೆ ಇಂಥ 32 ಸಂದೇಶಗಳವರೆಗೆ ಸಿಗುತ್ತಿದ್ದವು. ಆಮೇಲೆ ಬಂದ ಎಂಎಸ್‌ಐ-ಎಕ್ಸ್ ಅದನ್ನು 2048ಕ್ಕೆ ಏರಿಸಿತು. ಈ ಅನುಕೂಲದ ಜೊತೆಗೇ ಅಪಾಯವೂ ಬಂತು. ಮೆಮೊರಿಗೆ ನೇರವಾಗಿ ಬರೆಯಬಲ್ಲ ಯಾವ ಸಾಧನವಾದರೂ ಆ ವಿಳಾಸಕ್ಕೆ ಬರೆದು ಇನ್ನೊಂದರ ಹೆಸರಿನಲ್ಲಿ ಕರೆಯಬಹುದಾಯಿತು. ವರ್ಚುವಲ್ ಯಂತ್ರಕ್ಕೆ ವಹಿಸಿಕೊಟ್ಟ ಸಾಧನವೊಂದರಿಂದ ಇಂಥ ನಕಲಿ ಇಂಟರಪ್ಟ್ ಕಳುಹಿಸಿ ವ್ಯವಸ್ಥೆಯನ್ನೇ ವಶಪಡಿಸಿಕೊಳ್ಳಬಹುದೆಂದು 2011ರಲ್ಲಿ ರಾಫಾಲ್ ವೊಯ್ಟ್‌ಚುಕ್ ಮತ್ತು ಯೋವಾನಾ ರುಟ್ಕೋವ್‌ಸ್ಕಾ ತೋರಿಸಿಕೊಟ್ಟರು. ಇದಕ್ಕೆ ತಡೆಯೆಂದರೆ ಇಂಟರಪ್ಟ್ ಮರುನಕ್ಷೆ. ಅಲ್ಲಿ ಸಂದೇಶದಲ್ಲಿ ಬರೆದದ್ದರ ಜೊತೆಗೆ ಕಳುಹಿಸಿದ ಸಾಧನದ ಗುರುತನ್ನೂ ಯಂತ್ರಾಂಶವೇ ತಾಳೆ ನೋಡುತ್ತದೆ.

ಆ ಗುರುತು 16 ಬಿಟ್ಟಿನದು: ಬಸ್ಸಿಗೆ 8, ಸಾಧನಕ್ಕೆ 5, ಅದರ ಉಪಭಾಗಕ್ಕೆ 3. 1ನೆಯ ಬಸ್ಸಿನ 0ನೆಯ ಸಾಧನದ 0ನೆಯ ಉಪಭಾಗದ ಗುರುತು 256. ದೊಡ್ಡ ಸರ್ವರಿನಲ್ಲಿ ಪಿಸಿಐ ಮೂಲಗಳು ಹಲವಿದ್ದು ಪ್ರತಿಯೊಂದರಲ್ಲೂ 1ನೆಯ ಬಸ್ ಇರಬಹುದು, ಆಗ 256 ಎಂಬ ಗುರುತಿನವು ಹಲವಾಗುತ್ತವೆ. ಆರ್ಮ್ ಯಂತ್ರಗಳ ಐಟಿಎಸ್ ಎಂಬ ಘಟಕಕ್ಕೆ ಪ್ರತಿ ಸಾಧನದ ಗುರುತೂ ಬೇರೆಯಾಗಿ ಕಾಣಬೇಕು. ಅದಕ್ಕಾಗಿ ಫರ್ಮ್‌ವೇರ್ ಒಂದು ನಕ್ಷೆ ಕೊಡುತ್ತದೆ: ಎರಡನೆಯ ಮೂಲದ ಗುರುತುಗಳಿಗೆಲ್ಲ 65536 ಕೂಡಿಸಬೇಕು ಎಂದಿದ್ದರೆ ಅಲ್ಲಿನ 256 ಐಟಿಎಸ್‌ಗೆ 65792 ಆಗಿ ತಲುಪುತ್ತದೆ. ಐಟಿಎಸ್ ಈ ಸಾಧನ ಸಂಖ್ಯೆ ಮತ್ತು ಸಂದೇಶದಲ್ಲಿನ ಘಟನೆ ಸಂಖ್ಯೆ ಎರಡನ್ನೂ ಸೇರಿಸಿ ತನ್ನ ಕೋಷ್ಟಕಗಳಲ್ಲಿ ಹುಡುಕಿ, 8192ರಿಂದ ಆರಂಭವಾಗುವ ಸರಣಿಯ ಒಂದು ಇಂಟರಪ್ಟನ್ನಾಗಿ ಮಾಡಿ, ಗೊತ್ತುಮಾಡಿದ ಪ್ರೊಸೆಸರಿಗೆ ಒಪ್ಪಿಸುತ್ತದೆ.

ಒಂದು ಅಂಕಿಯ ವ್ಯತ್ಯಾಸ

ಎಸಿಪಿಐ ಬಳಸುವ ಆರ್ಮ್ ಸರ್ವರುಗಳಲ್ಲಿ ಈ ನಕ್ಷೆ ಇರುವುದು ಐಒಆರ್‌ಟಿ ಎಂಬ ಕೋಷ್ಟಕದಲ್ಲಿ. ಪ್ರತಿ ಸಾಲಿನಲ್ಲಿ ಆರಂಭದ ಗುರುತು ಮತ್ತು ‘ಗುರುತುಗಳ ಸಂಖ್ಯೆ’ ಇರುತ್ತದೆ. ನಿಯಮದ ಪ್ರಕಾರ ಆ ಸಂಖ್ಯೆಯನ್ನು ಒಂದು ಕಳೆದು ಬರೆಯಬೇಕು: 0ರಿಂದ 255ರವರೆಗಿನ 256 ಗುರುತುಗಳಿಗೆ 255. ಲಿನಕ್ಸಿನ ಕೋಡ್ ಅದನ್ನು ಪೂರ್ಣ ಎಣಿಕೆಯೆಂದೇ ಓದುತ್ತಿತ್ತು. ನಿಯಮ ಪಾಲಿಸಿದ ಫರ್ಮ್‌ವೇರಿನಲ್ಲಿ ಇದರಿಂದ ಸಾಲಿನ ಕೊನೆಯ ಗುರುತು ಬಿಟ್ಟುಹೋಗುತ್ತಿತ್ತು. ಆದರೆ ಕೆಲವು ಫರ್ಮ್‌ವೇರ್‌ಗಳು 256 ಎಂದೇ ಬರೆದು ಮಾರುಕಟ್ಟೆಗೆ ಬಂದಿದ್ದವು; ಎರಡು ತಪ್ಪುಗಳು ಪರಸ್ಪರ ಹೊಂದಿಕೊಂಡು ಆ ಯಂತ್ರಗಳು ನಡೆಯುತ್ತಿದ್ದವು. ಕೋಡನ್ನು ನಿಯಮಕ್ಕೆ ತಕ್ಕಂತೆ ತಿದ್ದಿದಾಗ 256 ಎಂಬ ಗುರುತು ಮೊದಲ ಸಾಲಿನ ಕೊನೆಗೂ ಎರಡನೆಯ ಸಾಲಿನ ಮೊದಲಿಗೂ ಸೇರಿಬಿಟ್ಟಿತು.

2020ರಲ್ಲಿ ಆರ್ಡ್ ಬೀಶೂವೆಲ್ ಇದಕ್ಕೊಂದು ದಾರಿ ಕಂಡುಕೊಂಡರು. ಗುರುತು ಸಾಲಿನ ತುತ್ತತುದಿಯಲ್ಲಿ ಸಿಕ್ಕರೆ ಅಲ್ಲಿಗೇ ನಿಲ್ಲದೆ ಮುಂದಿನ ಸಾಲುಗಳನ್ನೂ ನೋಡಬೇಕು. ಅಲ್ಲಿ ಸಿಕ್ಕರೆ ಅದನ್ನೇ ಒಪ್ಪಬೇಕು. ಸರಿಯಾಗಿ ಬರೆದವರಿಗೆ ಇದರಿಂದ ತೊಂದರೆಯಿಲ್ಲ, ತಪ್ಪಾಗಿ ಬರೆದವರ ಯಂತ್ರವೂ ಉಳಿಯಿತು. ನಿಯಮದ ಪುಸ್ತಕ, ಫರ್ಮ್‌ವೇರ್, ಕರ್ನಲ್ ಮೂರೂ ಒಂದೇ ಅರ್ಥದಲ್ಲಿ ಓದಿದಾಗ ಮಾತ್ರ ನಕ್ಷೆ ನಕ್ಷೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಉಪಸಂಹಾರ

ವಲಯಗಳನ್ನು ಒಂದರ ಮೇಲೊಂದು ಪೇರಿಸುವ ವ್ಯವಸ್ಥೆ 2015ರ ಲಿನಕ್ಸ್ 3.19ರಲ್ಲಿ ಬಂತು. ಆ ಬಳಿಕದ ಅನೇಕ ಯಂತ್ರಗಳ ಇಂಟರಪ್ಟ್ ಪಟ್ಟಿಯಲ್ಲಿ ಎನ್‌ವಿಎಂಇ ಡಿಸ್ಕಿನ ಮುಂದೆ 524288 ಎಂಬ ಸಂಖ್ಯೆ ಕಾಣುತ್ತಿತ್ತು. ಅದನ್ನು 2048ರಿಂದ ಭಾಗಿಸಿದರೆ ಬರುವುದು 256. 1ನೆಯ ಬಸ್ಸಿನ ಆ ಮೊದಲ ಸಾಧನವೇ ಅದು. ಸಾಧನದ ಗುರುತನ್ನು ಸಂಖ್ಯೆಯೊಳಗೆ ಹುದುಗಿಸಿಟ್ಟು ಒಂದೇ ಸರಣಿಯನ್ನು ಕಾಪಾಡುವ ಪ್ರಯತ್ನ ಅದು. 2023ರ 6.2 ಆವೃತ್ತಿಯಿಂದ ಇಂಟೆಲ್ ಬಗೆಯ ಯಂತ್ರಗಳಲ್ಲಿ ಥಾಮಸ್ ಗ್ಲೈಕ್ಸ್‌ನರ್ ಅವರ ಕೆಲಸದ ಫಲವಾಗಿ ಪ್ರತಿ ಸಾಧನಕ್ಕೂ ತನ್ನದೇ ಎಂಎಸ್‌ಐ ವಲಯ ದೊರೆತಿದೆ. ಸಂಖ್ಯೆ ಅಲ್ಲಿ ಸೊನ್ನೆಯಿಂದ ಶುರುವಾಗುತ್ತದೆ.

ಇಡೀ ಯಂತ್ರಕ್ಕೆ ಎಂಟು ಸಂಖ್ಯೆಗಳಿದ್ದಲ್ಲಿಂದ ಒಂದೊಂದು ಸಾಧನಕ್ಕೂ ಒಂದು ಸರಣಿಯವರೆಗೆ ಬಂದ ಈ ದಾರಿಯಿಂದ ಬೋರ್ಡು, ಫರ್ಮ್‌ವೇರ್, ಡ್ರೈವರ್ ಬರೆಯುವ ಎಲ್ಲರೂ ಕಲಿಯಬೇಕಾದ್ದಿದೆ. ಗಡಿಯಲ್ಲಿ ದಾಟಿಸುವ ಪ್ರತಿ ಸಂಖ್ಯೆಯ ಜೊತೆಗೂ ಅದು ಯಾವ ವಲಯದ್ದು, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಬರೆದಿಡಬೇಕು. ಹಾಗೆ ಬರೆದಿಟ್ಟ ಕಡೆ ಯಂತ್ರಗಳು ದಶಕಗಳ ಬದಲಾವಣೆಯನ್ನು ತಾಳಿಕೊಂಡಿವೆ. ಬರೆದದ್ದನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಓದಿದ ಕಡೆ ಒಂದಂಕಿಯ ವ್ಯತ್ಯಾಸವೂ ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳದೆ ಉಳಿದಿದೆ.